ಸವ್ಯಸಾಚಿ ಆಗಬೇಕಾದ್ದು ಸೈನಿಕನೋ, ರೈಫಲ್ಲೋ?

ಬ್ರಿಟಿಷ್ ಸೇನೆಗೆ ಸೇರುವ ಎಡಚ ಯುವಕ ಎಡಗೈಯಲ್ಲಿ ಬರೆಯಬಹುದು, ಎಡಗೈಯಲ್ಲೇ ಬೌಲಿಂಗ್ ಮಾಡಬಹುದು. ಆದರೆ ಅಲ್ಲಿನ ಎಸ್‌ಎ80 ರೈಫಲ್ ಕೈಗೆ ಬಂದ ದಿನ ಅವನು ಬಲ ಹೆಗಲಿಗೆ ಇಟ್ಟು ಹೊಡೆಯೋದನ್ನೇ ಕಲಿಯಬೇಕು. ಇದು ಶಿಸ್ತಿನ ವಿಷಯ ಅಲ್ಲ, ಯಂತ್ರದ ವಿಷಯ. 1985ರಲ್ಲಿ ಬಳಕೆಗೆ ಬಂದ ಈ ರೈಫಲ್ ಬುಲ್‌ಪಪ್ ಮಾದರಿಯದ್ದು. ಅಂದರೆ ಮ್ಯಾಗಜೀನ್, ಬೋಲ್ಟ್ ಎಲ್ಲವೂ ಟ್ರಿಗರ್‌ನ ಹಿಂದೆ, ಹೊಡೆಯುವವರ ಕೆನ್ನೆಯ ಪಕ್ಕದಲ್ಲೇ ಇರುತ್ತವೆ. ಗುಂಡು ಹೋದ ಮೇಲೆ ಉಳಿಯುವ ಬಿಸಿ ಹಿತ್ತಾಳೆ ಕೇಸ್ ಬಲಕ್ಕೆ ಚಿಮ್ಮುತ್ತೆ. ಬೋಲ್ಟ್ ಎಳೆಯುವ ಹಿಡಿ ಕೂಡ ಬಲಕ್ಕೇ ಇದೆ, ಪ್ರತಿ ಗುಂಡಿಗೂ ಅದು ಹಿಂದೆ ಮುಂದೆ ಓಡುತ್ತೆ. ಎಡ ಹೆಗಲಿಗೆ ಇಟ್ಟರೆ ಆ ಹಿಡಿ ಮುಖಕ್ಕೆ ಬಡಿಯುತ್ತೆ, ಕೇಸ್ ಕೆನ್ನೆಗೆ ತಾಗುತ್ತೆ.

ಎಡಗೈ-ಬಲಗೈ ಅಂದ ಕೂಡಲೇ ಕರ್ನಾಟಕದ ರಾಜಕೀಯ ಹಿಂಬಾಲಿಸುವವರಿಗೆ ಒಳಮೀಸಲಾತಿ ನೆನಪಾಗಬಹುದು. ಇಲ್ಲಿ ಮಾತಾಡ್ತಿರೋದು ದೇಹಕ್ಕೆ ಅಂಟಿದ ಎರಡು ಕೈಗಳ ಬಗ್ಗೆ ಮಾತ್ರ. ಆದರೂ ಪ್ರಶ್ನೆ ರಾಜಕೀಯದಿಂದ ತೀರಾ ದೂರದ್ದೂ ಅಲ್ಲ. ಜಗತ್ತಿನಲ್ಲಿ ಸುಮಾರು 10% ಜನ ಎಡಚರು. ಒಂದು ವಸ್ತು ಮಾಡುವಾಗ ಈ ಹತ್ತರಲ್ಲಿ ಒಬ್ಬರನ್ನು ಲೆಕ್ಕಕ್ಕೆ ಹಿಡಿಯೋದಾ ಬಿಡೋದಾ ಅಂತ ಯಾರೋ ಎಲ್ಲೋ ಕೂತು ನಿರ್ಧಾರ ಮಾಡಿರ್ತಾರೆ. ಎಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ಹಾಲ್‌ನಲ್ಲಿ ಬಲಗಡೆಗೆ ಮಾತ್ರ ಹಲಗೆ ಇರುವ ಕುರ್ಚಿಯಲ್ಲಿ ಸೊಂಟ ತಿರುಗಿಸಿ ಮೂರು ಗಂಟೆ ಬರೆದ ಎಡಚರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಒಳ್ಳೆಯ ಪದ ಇದೆ: ಸವ್ಯಸಾಚಿ. ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನನಿಗೆ ಬಂದ ಹೆಸರು. ಗಮನಿಸಿ, ಹೊಗಳಿಕೆ ಅರ್ಜುನನಿಗೆ, ಗಾಂಡೀವಕ್ಕಲ್ಲ. ಎರಡೂ ಕೈ ಪಳಗಿಸಿಕೊಳ್ಳೋದು ವೀರನ ಜವಾಬ್ದಾರಿ. ಕಳೆದ ನಾಲ್ಕೈದು ದಶಕಗಳಲ್ಲಿ ರೈಫಲ್ ವಿನ್ಯಾಸದಲ್ಲಿ ಆಗಿರುವ ಬದಲಾವಣೆ ಈ ಲೆಕ್ಕವನ್ನು ತಲೆಕೆಳಗು ಮಾಡಿದೆ: ಸವ್ಯಸಾಚಿ ಆಗಬೇಕಾದ್ದು ಆಯುಧ. ಆದರೆ 'ಎರಡೂ ಕೈಗೆ ಆಗುತ್ತೆ' ಅಂತ ಕಂಪನಿಗಳು ಹೇಳೋದಕ್ಕೂ ಅದು ನಿಜವಾಗಿ ಆಗೋದಕ್ಕೂ ನಡುವೆ ಬಹಳ ಅಂತರ ಇದೆ. ಅದನ್ನ ಅಳೆಯೋದು ಹೇಗೆ ಅನ್ನೋದೇ ಈ ಬರಹ.

ಮೊದಲು ಕಣ್ಣು, ಆಮೇಲೆ ಕೈ

ಯಾವ ಹೆಗಲಿಗೆ ರೈಫಲ್ ಇಡಬೇಕು ಅನ್ನೋದನ್ನ ಕೈ ಒಂದೇ ನಿರ್ಧರಿಸಲ್ಲ. ನಮಗೆಲ್ಲ ಒಂದು ಕಣ್ಣು ಯಜಮಾನ ಕಣ್ಣು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ದೂರದ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತೋ ಅದು ಯಜಮಾನ. ಸುಮಾರು ಮೂರನೇ ಎರಡು ಭಾಗ ಜನರಿಗೆ ಅದು ಬಲಗಣ್ಣು. ಉಳಿದವರಲ್ಲಿ ಹೆಚ್ಚಿನವರಿಗೆ ಎಡಗಣ್ಣು. ಲೆಕ್ಕ ಹಾಕಿ: ಎಡಚರು ಹತ್ತರಲ್ಲಿ ಒಬ್ಬರು, ಎಡಗಣ್ಣಿನವರು ಅದಕ್ಕಿಂತ ಎಷ್ಟೋ ಹೆಚ್ಚು. ಬಲಗೈಯಲ್ಲಿ ಬರೆಯುವ ಎಷ್ಟೋ ಮಂದಿಗೆ ಗುರಿ ಹಿಡಿಯೋಕೆ ಎಡ ಹೆಗಲೇ ಸಲೀಸು. ಎರಡೂ ಕಣ್ಣು ತೆರೆದು ಹೊಡೆಯುವ ಶಾಟ್‌ಗನ್ ಆಟದಲ್ಲಿ ಕೋಚ್‌ಗಳು ಮೊದಲು ಪರೀಕ್ಷೆ ಮಾಡೋದೇ ಇದನ್ನ.

ನಮ್ಮಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ಎಡಗೈಯಲ್ಲಿ ಉಣ್ಣಬಾರದು, ಎಡಗೈಯಲ್ಲಿ ಕೊಡಬಾರದು, ಎಡಗೈಯಲ್ಲಿ ಬರೆದರೆ ಮೇಷ್ಟ್ರು ಗೆಣ್ಣಿನ ಮೇಲೆ ಕೊಡ್ತಿದ್ರು. ಹಾಗಾಗಿ 'ನಾನು ಬಲಗೈಯವನು' ಅನ್ನುವವರಲ್ಲಿ ಎಷ್ಟು ಜನ ತಿದ್ದಿಸಿಕೊಂಡ ಎಡಚರು ಅಂತ ಹೇಳೋದು ಕಷ್ಟ. ಅರ್ಜಿಯಲ್ಲಿ ಎಡಗೈಯೋ ಬಲಗೈಯೋ ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲ್ಲ.

ಬೆರಳುಗಳ ಲೆಕ್ಕ

ಈಗ ಕಂಟ್ರೋಲ್‌ಗಳಿಗೆ ಬರೋಣ. ಉದಾಹರಣೆಗೆ ಎಆರ್-15 ಕುಟುಂಬ ತಗೊಳ್ಳೋಣ, ಯಾಕಂದ್ರೆ ಇವತ್ತಿನ ಅರ್ಧಕ್ಕರ್ಧ ಹೊಸ ರೈಫಲ್‌ಗಳು ಅದರ ಮಕ್ಕಳು ಮೊಮ್ಮಕ್ಕಳು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಯೂಜೀನ್ ಸ್ಟೋನರ್ ರೂಪಿಸಿದ ಇದು ಮುಂದೆ ಎಂ16 ಆಯ್ತು.

ಬಲಗೈಯಲ್ಲಿ ಹಿಡಿಯನ್ನು ಹಿಡಿದಾಗ ಹೆಬ್ಬೆರಳು ರೈಫಲ್‌ನ ಎಡ ಮಗ್ಗುಲಿಗೆ ಬರುತ್ತೆ, ತೋರುಬೆರಳು ಬಲ ಮಗ್ಗುಲಲ್ಲಿ ಇರುತ್ತೆ. ಸ್ಟೋನರ್ ಇದನ್ನೇ ನೋಡಿ ಜಾಗ ಹಂಚಿದ್ದು. ಸೇಫ್ಟಿ ಎಡಕ್ಕೆ, ಹೆಬ್ಬೆರಳಿಗೆ. ಮ್ಯಾಗಜೀನ್ ಬಿಡಿಸುವ ಬಟನ್ ಬಲಕ್ಕೆ, ತೋರುಬೆರಳಿಗೆ. ಬೋಲ್ಟ್ ಬಿಡುವ ಪಟ್ಟಿ ಎಡಕ್ಕೆ, ಹೊಸ ಮ್ಯಾಗಜೀನ್ ತುರುಕಿದ ಎಡಗೈ ಹಾಗೇ ಒಂದು ತಟ್ಟು ತಟ್ಟಲಿ ಅಂತ. ಬಲಗೈಯವರ ಪಾಲಿಗೆ ಇದು ಬಹಳ ಚೆಂದದ ವಿನ್ಯಾಸ. ಹಿಡಿತ ಬಿಡದೆ ಎಲ್ಲ ಕೆಲಸ ಆಗುತ್ತೆ.

ಎಡಗೈಯಲ್ಲಿ ಹಿಡಿದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಹೆಬ್ಬೆರಳು ಬಲ ಮಗ್ಗುಲಲ್ಲಿದೆ, ಸೇಫ್ಟಿ ಎಡದಲ್ಲಿದೆ. ಒಂದೋ ಹೆಬ್ಬೆರಳನ್ನ ಈಚೆಗೆ ದಾಟಿಸಬೇಕು, ಆಗ ಹಿಡಿತ ಸಡಿಲ. ಇಲ್ಲವೇ ತೋರುಬೆರಳನ್ನ ಮಡಚಿ ಸೇಫ್ಟಿ ತಿರುಗಿಸಬೇಕು. ಟ್ರಿಗರ್ ಒತ್ತಬೇಕಾದ ಬೆರಳಿಗೇ ಸೇಫ್ಟಿ ತೆಗೆಯುವ ಕೆಲಸವನ್ನೂ ಕೊಡೋದು ಒಳ್ಳೆಯ ಅಭ್ಯಾಸ ಅಲ್ಲ. ಮ್ಯಾಗಜೀನ್ ಬದಲಿಸುವಾಗಲೂ ಬೆರಳು ಎಟುಕದೆ ಇನ್ನೊಂದು ಕೈ ಬರಬೇಕಾಗುತ್ತೆ. ಮಜಾ ಏನಂದ್ರೆ ಬೋಲ್ಟ್ ಬಿಡುವ ಪಟ್ಟಿ ಮಾತ್ರ ಎಡಚರ ತೋರುಬೆರಳಿಗೆ ತಾನಾಗೇ ಸಿಗುತ್ತೆ. ಯಾರೂ ಅವರಿಗೋಸ್ಕರ ಇಟ್ಟದ್ದಲ್ಲ, ಅದೃಷ್ಟ ಅಷ್ಟೆ.

ಹಾಗಾಗಿ ಎರಡೂ ಬದಿಯ ಕಂಟ್ರೋಲ್ ಆರಿಸುವಾಗ ಎಲ್ಲಕ್ಕೂ ಸಮಾನ ತೂಕ ಕೊಡೋದು ತಪ್ಪು. ನನ್ನ ಪ್ರಕಾರ ಮೊದಲ ಸ್ಥಾನ ಸೇಫ್ಟಿಗೆ. ಅದು ಸುರಕ್ಷತೆಯ ವಿಷಯ: ಕೈಗೆ ಸುಲಭವಾಗಿ ಸಿಗದ ಸೇಫ್ಟಿಯನ್ನ ಜನ ಹಾಕೋದನ್ನೇ ಬಿಡ್ತಾರೆ. ಇಲ್ಲೂ ಎರಡು ಕಡೆ ಲಿವರ್ ಇದ್ದರೆ ಮುಗೀತು ಅನ್ನೋ ಹಾಗಿಲ್ಲ. ಎಡಚರಿಗೆ ಬಲಗಡೆಯ ಲಿವರ್ ಹೆಬ್ಬೆರಳಿಗೆ ಬೇಕು ನಿಜ, ಆದರೆ ಎಡಗಡೆಯ ಉದ್ದ ಲಿವರ್ ಹಾಗೇ ಉಳಿದರೆ ತೋರುಬೆರಳಿನ ಗೆಣ್ಣಿಗೆ ಚುಚ್ಚುತ್ತಾ ಇರುತ್ತೆ. ಅದಕ್ಕೇ ಒಂದು ಕಡೆ ಉದ್ದ, ಇನ್ನೊಂದು ಕಡೆ ಮೊಂಡು ಲಿವರ್ ಹಾಕುವ ಸೆಟ್‌ಗಳು ಮಾರುಕಟ್ಟೆಯಲ್ಲಿವೆ. ತಿರುಗುವ ಕೋನವೂ ಮುಖ್ಯ. ಹಳೆಯ ವಿನ್ಯಾಸದಲ್ಲಿ 90 ಡಿಗ್ರಿ ತಿರುಗಿಸಬೇಕು. 45ರಿಂದ 60 ಡಿಗ್ರಿಯಲ್ಲೇ ಮುಗಿಯುವವು ಈಗ ಬಂದಿವೆ. ಸಣ್ಣ ಕೈ ಇರುವವರಿಗೆ, ಅಂದರೆ ಬಹಳಷ್ಟು ಹೆಣ್ಣುಮಕ್ಕಳಿಗೂ ಸೇರಿ, ಇದರಿಂದ ಆಗುವ ಉಪಯೋಗ ದೊಡ್ಡದು.

ಎರಡನೆಯದು ಮ್ಯಾಗಜೀನ್ ಬಟನ್. ಇದನ್ನ ಆರಿಸುವಾಗ ಎಟುಕುತ್ತಾ ಅಂತ ಮಾತ್ರ ನೋಡಿದರೆ ಆಗಲ್ಲ, ಬೇಡದಾಗ ಒತ್ತಿಹೋಗುತ್ತಾ ಅಂತಲೂ ನೋಡಬೇಕು. ಎಡಗಡೆ ಹೊಸದಾಗಿ ಹಾಕಿದ ಬಟನ್ ಸೊಂಟದ ಬೆಲ್ಟಿಗೋ ಎದೆಯ ಕಿಟ್‌ಗೋ ತಾಗಿ ಒತ್ತಿದರೆ ಮ್ಯಾಗಜೀನ್ ನೆಲಕ್ಕೆ. ಸ್ಟೋನರ್ ವಿನ್ಯಾಸದ ಮೂಲ ಬಟನ್ ಸುತ್ತಲೇ ಮುಂದೆ ಲೋಹದ ಸಣ್ಣ ಏರಿ ಕಟ್ಟಿದ್ದು ಇದೇ ಕಾರಣಕ್ಕೆ. ಹೊಸ ಬಟನ್‌ಗೆ ಅಂಥ ಏರಿ ಇಲ್ಲದಿದ್ದರೆ ಬೇಡ ಅಂತಲೇ ಹೇಳ್ತೀನಿ. ಹಿಂಬದಿಯ ಚಾರ್ಜಿಂಗ್ ಹ್ಯಾಂಡಲ್‌ನ ಕೊಕ್ಕೆ ಎರಡೂ ಕಡೆ ಇರುವಂಥದ್ದು ಅಗ್ಗದ, ತೊಂದರೆಯಿಲ್ಲದ ಬದಲಾವಣೆ. ಬಲಗಡೆಯ ಬೋಲ್ಟ್ ರಿಲೀಸ್ ಕೊನೆಗೆ ಬರಲಿ.

ಬಟನ್ ಹಾಕಿದರೂ ಬಗೆಹರಿಯದ್ದು

ಕೇಸ್ ಯಾವ ಕಡೆ ಚಿಮ್ಮುತ್ತೆ ಅನ್ನೋದನ್ನ ಮಾತ್ರ ಬಟನ್ ಹಾಕಿ ಬದಲಿಸೋಕೆ ಆಗಲ್ಲ. ಬೋಲ್ಟ್‌ನ ಮುಖದಲ್ಲಿ ಒಂದು ಕೊಕ್ಕೆ ಕೇಸನ್ನು ಹಿಡಿದು ಹಿಂದಕ್ಕೆ ಎಳೆಯುತ್ತೆ, ಎದುರು ಬದಿಯಿಂದ ಒಂದು ಕಡ್ಡಿ ಅದನ್ನ ತಳ್ಳುತ್ತೆ. ಕೊಕ್ಕೆ ಯಾವ ಕಡೆ ಇದೆಯೋ ಆ ಕಡೆಗೆ ಕೇಸ್ ಹಾರುತ್ತೆ. ದಿಕ್ಕು ಬದಲಿಸಬೇಕಂದ್ರೆ ಬೋಲ್ಟ್ ಬದಲಿಸಬೇಕು, ರೈಫಲ್ ಮೈಯಲ್ಲಿ ಇನ್ನೊಂದು ಕಿಟಕಿ ಕೊರೆಯಬೇಕು.

ಎಂ16ರ ಎಡಚರು ಎರಡು ದಶಕ ಬಿಸಿ ಕೇಸ್ ಮುಖದ ಮುಂದೆ ಹಾರೋದನ್ನ ಸಹಿಸಿಕೊಂಡರು. 1980ರ ದಶಕದ ಎಂ16ಎ2ನಲ್ಲಿ ಕಿಟಕಿಯ ಹಿಂದೆ ಒಂದು ಸಣ್ಣ ಉಬ್ಬು ಬಂತು. ಕೇಸ್ ಅದಕ್ಕೆ ಬಡಿದು ಮುಂದಕ್ಕೆ, ದೂರಕ್ಕೆ ಹೋಗುತ್ತೆ. ಅಷ್ಟೇ. ಒಂದು ಲೋಹದ ಉಬ್ಬು. ಕಡಿಮೆ ಖರ್ಚಿನಲ್ಲಿ ದೊಡ್ಡ ಕೆಲಸ ಮಾಡಿದ ಬದಲಾವಣೆಗಳ ಪಟ್ಟಿ ಮಾಡಿದರೆ ನಾನು ಇದನ್ನ ಮೇಲೇ ಇಡ್ತೀನಿ.

ಬುಲ್‌ಪಪ್‌ಗಳಲ್ಲಿ ಉಬ್ಬು ಸಾಲದು, ಕೆನ್ನೆ ಅಲ್ಲೇ ಇರುತ್ತೆ. 1977ರಲ್ಲಿ ಆಸ್ಟ್ರಿಯಾ ಸೇನೆ ಆರಿಸಿಕೊಂಡ ಸ್ಟೈಯರ್ ಎಯುಜಿಯಲ್ಲಿ ಎರಡೂ ಕಡೆ ಕಿಟಕಿ ಇದೆ. ಬೇಡದ ಕಡೆಗೆ ಮುಚ್ಚಳ ಹಾಕಿ, ಎಡಗೈ ಬೋಲ್ಟ್ ಕೂರಿಸಿದರೆ ಎಡಚರ ರೈಫಲ್ ರೆಡಿ. ಫ್ರಾನ್ಸಿನ ಫಾಮಾಸ್ ಕೂಡ ಇದೇ ದಾರಿ ಹಿಡಿಯಿತು. ನಮ್ಮ ವಿಶೇಷ ಪಡೆಗಳು ಬಳಸುವ ಇಸ್ರೇಲಿನ ಟಾವೋರ್ ಸಹ ಹೀಗೆ ಬದಲಿಸಿಕೊಳ್ಳಬಹುದಾದದ್ದು. ಬೆಲ್ಜಿಯಂನ ಎಫ್‌ಎನ್ ಕಂಪನಿ ಇನ್ನೂ ಮುಂದೆ ಹೋಯ್ತು. ಅದರ ಪಿ90ಯಲ್ಲಿ ಕೇಸ್ ನೇರ ಕೆಳಕ್ಕೆ ಬೀಳುತ್ತೆ, 2001ರ ಎಫ್2000ದಲ್ಲಿ ಒಂದು ಕೊಳವೆಯೊಳಗೆ ಸಾಗಿ ಮುಂದುಗಡೆ ಉದುರುತ್ತೆ.

ಇಲ್ಲಿ ಒಂದು ವ್ಯತ್ಯಾಸ ತಲೆಯಲ್ಲಿರಲಿ. ಎಡಚರಿಗೇ ಅಂತ ಕನ್ನಡಿ ಬಿಂಬದ ಹಾಗೆ ಮಾಡಿದ್ದು ಒಂದು ಬಗೆ. ಅಮೆರಿಕದಲ್ಲಿ ಸ್ಟ್ಯಾಗ್ ಆರ್ಮ್ಸ್ ಎಡಕ್ಕೆ ಕೇಸ್ ಹಾರಿಸುವ ಎಆರ್ ಮಾಡಿ ಹೆಸರು ಮಾಡಿದೆ. ಬಿಚ್ಚಿ ಬದಲಿಸಿಕೊಳ್ಳುವಂಥದ್ದು ಇನ್ನೊಂದು. ಏನೂ ಬದಲಿಸದೆ ಈ ಕ್ಷಣವೇ ಎರಡೂ ಹೆಗಲಿಗೆ ಆಗುವಂಥದ್ದು ಮೂರನೆಯದು. ಜಾಹೀರಾತಿನಲ್ಲಿ ಮೂರಕ್ಕೂ ಒಂದೇ ಪದ ಬಳಸ್ತಾರೆ. ತನ್ನ ದುಡ್ಡಲ್ಲಿ ಒಂದೇ ರೈಫಲ್ ಕೊಳ್ಳುವ ಎಡಚರಿಗೆ ಕನ್ನಡಿ ಬಿಂಬ ಸುಖ. ಸೇನೆಗೆ ಅದು ತಲೆನೋವು, ಯಾಕಂದ್ರೆ ಎರಡೆರಡು ಬಗೆಯ ಬಿಡಿಭಾಗ ಇಡಬೇಕು, ಗಾಯಗೊಂಡವನ ರೈಫಲ್ ಪಕ್ಕದವನಿಗೆ ಆಗಲ್ಲ.

ಮೂರನೆಯ ಬಗೆಯ ನಿಜವಾದ ಲಾಭ ಎಡಚರದ್ದಷ್ಟೇ ಅಲ್ಲ ಅನ್ನೋದೇ ಈ ಚರ್ಚೆಯಲ್ಲಿ ಹೆಚ್ಚಾಗಿ ತಪ್ಪಿಹೋಗುವ ಮಾತು. ಒಂದು ಗೋಡೆಯ ಎಡ ಅಂಚಿನಿಂದ ಇಣುಕಿ ನೋಡಬೇಕು ಅಂದುಕೊಳ್ಳಿ. ರೈಫಲ್ ಬಲ ಹೆಗಲಿನಲ್ಲಿದ್ದರೆ ಗುರಿ ಕಾಣುವ ಹೊತ್ತಿಗೆ ಅರ್ಧ ಮೈ ಗೋಡೆಯಿಂದ ಆಚೆ ಬಂದಿರುತ್ತೆ. ಎಡ ಹೆಗಲಿಗೆ ಬದಲಿಸಿದರೆ ಒಂದು ಕಣ್ಣು, ಒಂದು ಹೆಗಲಿನ ಅಂಚು ಮಾತ್ರ. ಊರೊಳಗಿನ ಕಾರ್ಯಾಚರಣೆಗೆ ತರಬೇತಿ ಪಡೆಯುವ ಬಲಗೈಯವರೂ ಇದನ್ನ ಅಭ್ಯಾಸ ಮಾಡ್ತಾರೆ. ಎಸ್‌ಎ80 ಹಿಡಿದವರಿಗೆ ಈ ಅವಕಾಶವೇ ಇಲ್ಲ, ಅವರು ಯಾವ ಕೈಯವರೇ ಆಗಿರಲಿ. ಬಲಗೈಗೆ ಗಾಯ ಆದವನ ಕಥೆಯೂ ಇದೇ. ಎಡಚರನ್ನ ಮರೆತದ್ದಕ್ಕೆ ಎಲ್ಲರೂ ದಂಡ ಕಟ್ಟಿದರು.

ದೊಡ್ಡ ಸೇನೆಗಳಿಗೆ ಇದು ಅರ್ಥ ಆಗಿದೆ ಅನ್ನಿಸುತ್ತೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಆರಿಸಿದ, ಈಗ ಎಂ7 ಅಂತ ಕರೆಯುವ ಸಿಗ್ ಕಂಪನಿಯ ರೈಫಲ್‌ನಲ್ಲಿ ಸೇಫ್ಟಿ, ಮ್ಯಾಗಜೀನ್, ಬೋಲ್ಟ್ ರಿಲೀಸ್ ಎಲ್ಲವೂ ಎರಡೂ ಬದಿಗೆ ಇವೆ. 2023ರಲ್ಲಿ ಬ್ರಿಟನ್ ತನ್ನ ರಾಯಲ್ ಮರೀನ್ಸ್ ಮತ್ತು ವಿಶೇಷ ಕಾರ್ಯಾಚರಣೆ ಬ್ರಿಗೇಡ್‌ಗೆ ಆರಿಸಿದ ಎಲ್403ಎ1 ಕೂಡ ಎಆರ್ ಮಾದರಿಯದ್ದು, ಎರಡೂ ಬದಿಯ ಕಂಟ್ರೋಲ್ ಇರುವಂಥದ್ದು. ಉಳಿದ ಬ್ರಿಟಿಷ್ ಸೇನೆಯ ಕೈಯಲ್ಲಿ ಎಸ್‌ಎ80 ಉಳಿಯಿತು.

ವಿರೋಧದ ವಾದವೂ ಹಗುರವಾದದ್ದಲ್ಲ. ಪ್ರತಿ ಹೆಚ್ಚುವರಿ ಲಿವರ್ ಅಂದ್ರೆ ಇನ್ನಷ್ಟು ಪಿನ್ನು, ಸ್ಪ್ರಿಂಗು, ಕೆಸರು ಸೇರುವ ಸಂದಿ. ಬೋಲ್ಟ್ ರಿಲೀಸನ್ನ ಬಲಗಡೆಗೆ ತರಲು ಒಳಗೆ ಒಂದು ಸರಪಳಿ ಕೆಲಸ ಮಾಡಬೇಕು, ಅದು ಸಿಕ್ಕಿಕೊಂಡರೆ ಇಡೀ ರೈಫಲ್ ಕೂತಿತು. ತರಬೇತಿಯವರ ತಕರಾರು ಬೇರೆ. ಕಾಲೇಜು ದಿನಗಳ ಒಂದು ಶಿಬಿರದಲ್ಲಿ .22 ರೈಫಲ್ ಕೊಟ್ಟಾಗ ನನ್ನ ಎಡಚ ಗೆಳೆಯ ಅಭ್ಯಾಸದಂತೆ ಎಡ ಹೆಗಲಿಗಿಟ್ಟ. 'ಏ, ಈ ಕಡೆ ಹಾಕೋ' ಅಂತ ಒಂದೇ ಕೂಗು. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸೋದು, ಬೋಲ್ಟ್ ಹಿಡಿ ಬಲಕ್ಕೆ ಇರುವ ಆ ರೈಫಲ್‌ನಲ್ಲಿ ಅವನು ಪ್ರತಿ ಗುಂಡಿಗೂ ಹಿಡಿತ ಬಿಡಬೇಕಿತ್ತು, ಸಾಲಾಗಿ ಮಲಗಿದವರಲ್ಲಿ ಒಬ್ಬ ಮಾತ್ರ ಉಲ್ಟಾ ಇದ್ದರೆ ಮೇಲ್ವಿಚಾರಣೆಯೂ ಕಷ್ಟ. ಸುಬೇದಾರರ ಮಾತಿಗೆ ಕಾರಣ ಇತ್ತು. ಆ ಕಾರಣ ಹುಟ್ಟಿದ್ದು ಮಾತ್ರ ರೈಫಲ್ ಮಾಡಿದವರ ಮೇಜಿನ ಮೇಲೆ.

ನಮ್ಮಲ್ಲಿ ಆರಿಸೋದು ಯಾರು?

ಅಮೆರಿಕದ ಎಡಚನಿಗೆ ಅಂಗಡಿಯಲ್ಲಿ ಲಿವರ್ ಸಿಗುತ್ತೆ, ಮನೆಯಲ್ಲೇ ಕೂರಿಸಿಕೊಳ್ತಾನೆ. ನಮ್ಮಲ್ಲಿ 5.56, 7.62ರಂಥ ಸೇನಾ ಅಳತೆಯ ಬಂದೂಕುಗಳು ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ, ನಿಷೇಧಿತ ಬೋರ್. ಸಿಗಬಾರದು ಅನ್ನೋದೇ ನನ್ನ ಅಭಿಪ್ರಾಯ. ಹಾಗಾಗಿ ಇಲ್ಲಿ ಆಯ್ಕೆ ವ್ಯಕ್ತಿಯದ್ದಲ್ಲ, ಸರ್ಕಾರದ್ದು. ಜವಾನನಿಗೆ, ಕಾನ್‌ಸ್ಟೇಬಲ್‌ಗೆ ಕೊಟ್ಟದ್ದೇ ರೈಫಲ್.

ನಾಗರಿಕರ ಬಳಿ ಕೋವಿ ಸಾಮಾನ್ಯವಾಗಿ ಕಾಣುವ ಜಾಗ ಅಂದರೆ ಕೊಡಗು. ಆಯುಧ ಕಾಯ್ದೆಯ ಲೈಸೆನ್ಸಿನಿಂದ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯ್ತಿಯನ್ನ ಕೇಂದ್ರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಪೂಜೆಗೆ ಇಟ್ಟು, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಜೋಡಿನಳಿಗೆ ಕೋವಿ ಮೇಲ್ನೋಟಕ್ಕೆ ಎಡ ಬಲ ಇಲ್ಲದ್ದು. ಹಿಡಿದು ನೋಡಿದರೆ ಗೊತ್ತಾಗುತ್ತೆ: ಮುರಿದು ತೆರೆಯುವ ಮೇಲಿನ ಲಿವರ್ ಬಲ ಹೆಬ್ಬೆರಳಿನ ತಳ್ಳುವಿಕೆಗೆ ಮಾಡಿದ್ದು, ಒಳ್ಳೆಯ ಕೋವಿಗಳ ಮರದ ಹಿಂಭಾಗ ಬಲ ಕೆನ್ನೆಗೆ ಸರಿಹೋಗಲಿ ಅಂತ ಕೂದಲೆಳೆಯಷ್ಟು ಬಲಕ್ಕೆ ಬಾಗಿರುತ್ತೆ. ಅಜ್ಜನ ಕೋವಿ ಎಡಚ ಮೊಮ್ಮಗಳ ಕೈಗೆ ಬಂದರೆ ಅವಳ ಗುರಿ ತಪ್ಪೋದಕ್ಕೆ ಇದೂ ಒಂದು ಕಾರಣ ಆಗಬಹುದು.

ಸೇನೆಯ ಕಡೆಗೆ ನೋಡಿ. ಹಳೆಯ .303ರಲ್ಲಿ ಬೋಲ್ಟ್ ಬಲಕ್ಕೆ. ಇನ್ಸಾಸ್‌ನಲ್ಲಿ ಸೇಫ್ಟಿಯೂ ಎಳೆಯುವ ಹಿಡಿಯೂ ಎಡಕ್ಕೆ, ಎರಡೂ ಬಲಗೈಯವರ ಅನುಕೂಲಕ್ಕೆ. 2021ರ ಡಿಸೆಂಬರ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್‌ಗಳಿಗೆ ಒಪ್ಪಂದ ಆಯ್ತು, ಅಮೇಠಿಯ ಕೊರ್ವಾದಲ್ಲಿ ತಯಾರಾಗ್ತಿವೆ. ಕಲಾಶ್ನಿಕೋವ್ ಮನೆತನದ್ದಾದ್ದರಿಂದ ಅದರ ಸೇಫ್ಟಿ ಬಲ ಮಗ್ಗುಲಿನ ಉದ್ದ ಲಿವರ್. ಹೊಸದರಲ್ಲಿ ಬಲ ತೋರುಬೆರಳಿಗೆ ಸಿಗುವ ಒಂದು ಚಾಚು ಸೇರಿಸಿದ್ದಾರೆ, ಎಡ ತೋರುಬೆರಳು ಆ ಕಡೆ ಇರಲ್ಲ. ಮ್ಯಾಗಜೀನ್ ಬಿಡಿಸುವ ಪಟ್ಟಿ ನಡುವೆ ಇರೋದರಿಂದ ಯಾರಿಗೂ ಪಕ್ಷಪಾತ ಇಲ್ಲ. ಬಲಗಡೆಯ ಬೋಲ್ಟ್ ಹಿಡಿ ಎಡಚರಿಗೇ ಲಾಭ: ಟ್ರಿಗರ್ ಕೈ ಕದಲಿಸದೆ ಬಲಗೈಯಿಂದ ಎಳೆಯಬಹುದು. ಅಂದರೆ ಈ ರೈಫಲ್ ಎಡಚರಿಗೆ ಪೂರಾ ಕೆಟ್ಟದ್ದೇನಲ್ಲ. ಆದರೆ ಎಲ್ಲಿ ಬಿಡಬಾರದಿತ್ತೋ ಅಲ್ಲೇ, ಸೇಫ್ಟಿಯಲ್ಲೇ, ಅವರನ್ನ ಬಿಟ್ಟಿದೆ.

ಇಷ್ಟು ವರ್ಷ 'ವಿದೇಶಿಯರು ಹೀಗೇ ಮಾಡಿದ್ದು' ಅನ್ನಬಹುದಿತ್ತು. ಈಗ ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ಎಆರ್‌ಡಿಇ 2024ರ ಜನವರಿಯಲ್ಲಿ ಉಗ್ರಂ ರೈಫಲ್ ತೋರಿಸಿದೆ, ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸ್ನೈಪರ್ ರೈಫಲ್ ಮಾಡ್ತಿದೆ. ವಿನ್ಯಾಸದ ಕಾಗದ ನಮ್ಮ ಮೇಜಿನ ಮೇಲೇ ಇದೆ. ರಕ್ಷಣಾ ಖರೀದಿ ಅಂದರೆ ನಾವು ಬೆಲೆ, ಕಮಿಷನ್, ಸ್ವದೇಶಿ ಪ್ರಮಾಣ ಇಷ್ಟನ್ನೇ ಕೇಳ್ತೀವಿ. ಟೆಂಡರಿನ ತಾಂತ್ರಿಕ ಅಗತ್ಯಗಳ ಪಟ್ಟಿಯಲ್ಲಿ 'ಎರಡೂ ಕೈಗೆ ಸೂಕ್ತ' ಅನ್ನೋ ಒಂದು ಸಾಲಿದ್ದರೆ ಸಾಲದು, ಮೂರು ಬಗೆಯಲ್ಲಿ ಯಾವುದು ಅಂತ ಅಲ್ಲಿ ಬರೆದಿರಬೇಕು.

ಅದನ್ನ ಪರೀಕ್ಷಿಸೋದಕ್ಕೆ ಲ್ಯಾಬ್ ಬೇಡ. ಟ್ರಯಲ್‌ಗೆ ಕರೆಸುವ ಯೋಧರಲ್ಲಿ ಎಡಗಣ್ಣಿನವರೂ ಎಡಚರೂ ಇರಲಿ, ಸಣ್ಣ ಕೈಯವರೂ ಇರಲಿ. ಚಳಿಯ ಕೈಗವಸು ಹಾಕಿಸಿ, ಮಲಗಿಸಿ, ಕತ್ತಲಲ್ಲಿ ಸೇಫ್ಟಿ ತೆಗೆದು ಹಾಕೋಕೆ, ಮ್ಯಾಗಜೀನ್ ಬದಲಿಸೋಕೆ ಹೇಳಿ. ಆಮೇಲೆ ಹೆಗಲು ಬದಲಿಸಿ ಅದನ್ನೇ ಮತ್ತೆ ಮಾಡಿಸಿ. ಪ್ರತಿ ಸಲ ಟ್ರಿಗರ್ ಕೈಯ ಹಿಡಿತ ಎಷ್ಟು ಸಲ ಬಿಟ್ಟಿತು, ಕಣ್ಣು ಗುರಿಯಿಂದ ಎಷ್ಟು ಸಲ ಆಚೆ ಹೋಯಿತು ಅಂತ ಎಣಿಸಿ. ಆ ಎರಡು ಸಂಖ್ಯೆಗಳನ್ನ ಬೆಲೆಯ ಪಕ್ಕದ ಕಾಲಂನಲ್ಲಿ ಬರೆಯಿರಿ.